ಒಬ್ಬರೇ ಟೇಬಲ್ ಟೆನಿಸ್ ಅಭ್ಯಾಸ ಮಾಡಲು ಮನೆಯಲ್ಲೇ ಸಾಧನ ಕಟ್ಟುವುದು: ಹಲಗೆಯೋ, ಯಂತ್ರವೋ?

ಡೊಂಬಿವಲಿ ವಾಸಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ, ಎರಡು ವರ್ಷಗಳಿಂದ ಟೇಬಲ್ ಟೆನಿಸ್ ಕಲಿಯುತ್ತಿದ್ದಾಳೆ. ವಾರಕ್ಕೆ ಮೂರು ಸಂಜೆ ತರಬೇತಿ ಇರುತ್ತದೆ. ಉಳಿದ ದಿನಗಳಲ್ಲಿ ಅವಳೊಂದಿಗೆ ಆಡುವವರು ಯಾರೂ ಇಲ್ಲ. ನಾನು ಲೋಕಲ್ ಹಿಡಿದು ಮನೆ ಸೇರುವ ಹೊತ್ತಿಗೆ ರಾತ್ರಿ ಒಂಬತ್ತು ದಾಟಿರುತ್ತದೆ. ಸೊಸೈಟಿಯಲ್ಲಿ ಒಂದು ಟೇಬಲ್ ಇದ್ದರೂ ಸಂಜೆ ಹಿರಿಯರ ಡಬಲ್ಸ್ ಆಟ ನಡೆಯುತ್ತಿರುತ್ತದೆ, ಮಕ್ಕಳಿಗೆ ಸರದಿ ಬರುವುದೇ ಅಪರೂಪ.

ಮನೆಯ ಹಾಲ್ ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲ ಇದೆ. ಸೋಫಾವನ್ನು ಗೋಡೆಗೆ ಸರಿಸಿದರೆ ಅರ್ಧ ಟೇಬಲ್ ಹಿಡಿಸುತ್ತದೆ. ಪರಿಚಯದ ಬಡಗಿಯೊಬ್ಬರು ಹೇಳಿದಂತೆ ಮಾಡಿಕೊಡಲು ಸಿದ್ಧರಿದ್ದಾರೆ. ಚೆಂಡನ್ನು ಹಿಂದಿರುಗಿಸುವ ಹಲಗೆ ನಿಲ್ಲಿಸುವುದು ಒಂದು ದಾರಿ; ಮೋಟಾರಿನಿಂದ ಚೆಂಡು ಎಸೆಯುವ ಯಂತ್ರವನ್ನು ಕಟ್ಟುವುದು ಇನ್ನೊಂದು. ಅಂಗಡಿಯಲ್ಲಿ ಸಿಗುವ ಯಂತ್ರಗಳ ಬೆಲೆ ನನ್ನ ಕೈಗೆಟಕುವಂಥದ್ದಲ್ಲ. ಈ ಎರಡರಲ್ಲಿ ಯಾವುದರಿಂದ ಆರಂಭಿಸಬೇಕೆಂದು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ.

ಮುಲುಂಡ್ ಚಾಪರ್

ಹಲಗೆ, ಯಂತ್ರ ಎರಡಕ್ಕೂ ಮೊದಲು ಸರ್ವಿಸ್ ಕಡೆಗೆ ಗಮನ ಕೊಡಿ ಎಂದು ನನ್ನ ವಿನಂತಿ. ಈ ಆಟದಲ್ಲಿ ಎದುರಾಳಿಯ ಹಂಗಿಲ್ಲದೆ, ಪೂರ್ತಿಯಾಗಿ ನಮ್ಮ ಕೈಯಲ್ಲೇ ಇರುವ ಹೊಡೆತವೆಂದರೆ ಸರ್ವಿಸ್ ಒಂದೇ. ಒಬ್ಬರೇ ಅಭ್ಯಾಸ ಮಾಡಿದರೂ ಅದರಲ್ಲಿ ಕೃತಕವಾದದ್ದು ಏನೂ ಇರುವುದಿಲ್ಲ, ಪಂದ್ಯದಲ್ಲಿ ಹೊಡೆಯುವುದನ್ನೇ ಅಲ್ಲಿಯೂ ಹೊಡೆಯುತ್ತೀರಿ. ಹನ್ನೊಂದು ಅಂಕಗಳ ಆಟದಲ್ಲಿ ಎರಡೆರಡು ಸರ್ವಿಸಿಗೊಮ್ಮೆ ಸರದಿ ಬದಲಾಗುವುದರಿಂದ ಒಂದೊಂದು ಸರ್ವಿಸಿನ ತೂಕವೂ ಹೆಚ್ಚು.

ಇದಕ್ಕೆ ಬೇಕಾದ ಸಾಧನ ಬಹಳ ಸರಳವಾದದ್ದು. ಒಂದು ಬಿಳಿ ಚೆಂಡಿನ ನಡುವೆ, ಅದರ ಬೆಸುಗೆಯ ಗೆರೆಯ ಮೇಲೆಯೇ, ಕಪ್ಪು ಮಾರ್ಕರಿನಿಂದ ಸುತ್ತಲೂ ಪಟ್ಟಿ ಎಳೆಯಿರಿ. ಅದೇ ಪಟ್ಟಿ ಮುಂದಕ್ಕೆ ಉರುಳುವಂತೆ ಚೆಂಡನ್ನು ಅಂಗೈಯಲ್ಲಿಟ್ಟು, ಮೇಲಕ್ಕೆ ಹಾರಿಸಿ, ಕೆಳಭಾಗವನ್ನು ಬ್ಯಾಟಿನಿಂದ ಸವರಬೇಕು. ಪಟ್ಟಿ ತೆಳ್ಳಗೆ, ನೇರವಾಗಿ, ಅಲುಗಾಡದೆ ಕಂಡರೆ ಬ್ಯಾಕ್‌ಸ್ಪಿನ್ (ಹಿಮ್ಮುಖ ತಿರುಗುವಿಕೆ) ಶುದ್ಧವಾಗಿದೆ ಎಂದು ಅರ್ಥ. ಪಟ್ಟಿ ತೂರಾಡಿ ಚೆಂಡೆಲ್ಲ ಬೂದು ಬಣ್ಣಕ್ಕೆ ತಿರುಗಿದರೆ ಪಕ್ಕದ ಸ್ಪಿನ್ ಬೆರೆತಿದೆ ಎಂದು ತಿಳಿಯಬೇಕು. ಕೋಚ್ ದೂರದಿಂದ ನೋಡಿ ಹೇಳಲಾಗದ ವಿಷಯವನ್ನು ಈ ಪಟ್ಟಿ ಹುಡುಗಿಗೆ ಅಲ್ಲಿಯೇ ತೋರಿಸಿಕೊಡುತ್ತದೆ. ಟೇಬಲ್ ಬರುವ ತನಕ ನೆಲದ ಮೇಲೆಯೇ ಅಭ್ಯಾಸ ನಡೆಯಲಿ: ಚಾಪೆ ಹಾಸಿ, ಚೆಂಡು ಮುಂದೆ ಹೋಗಿ ಬಿದ್ದು ತಾನಾಗಿಯೇ ಹಿಂದಕ್ಕೆ ಉರುಳಿ ಬರುವಂತೆ ಸವರುವುದನ್ನು ಕಲಿಯಲಿ.

ಟೇಬಲ್ ಬಂದ ಮೇಲೆ ನೆಟ್ಟಿಗಿಂತ ಒಂದು ಗೇಣು ಎತ್ತರದಲ್ಲಿ ಅಡ್ಡಲಾಗಿ ದಾರವೊಂದನ್ನು ಕಟ್ಟಿ. ಸರ್ವಿಸ್ ಆ ದಾರಕ್ಕೂ ನೆಟ್ಟಿಗೂ ನಡುವೆ ನುಸುಳಬೇಕು. ಕೈ ತೆರೆದಿರಬೇಕು, ಚೆಂಡು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಹಾರಬೇಕು ಎಂಬ ನಿಯಮವನ್ನು ಮೊದಲ ದಿನದಿಂದಲೇ ಪಾಲಿಸಲಿ. ಒಬ್ಬರೇ ಆಡುವಾಗ ಅಂಪೈರ್ ಇರುವುದಿಲ್ಲವಾದ್ದರಿಂದ ಮಕ್ಕಳು ಇದರಲ್ಲಿ ಬೇಗ ಸಡಿಲವಾಗುತ್ತಾರೆ.

ಪಿಂಪ್ರಿ ಫಿಟ್ಟರ್

ಹಿರಿಯರು ಸರ್ವಿಸ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಏಳನೆಯ ತರಗತಿಯ ಮಗುವಿಗೆ ಫೋರ್‌ಹ್ಯಾಂಡ್ ಗಟ್ಟಿಯಾಗಬೇಕಾದರೆ ಒಂದೇ ಜಾಗಕ್ಕೆ ಒಂದೇ ಬಗೆಯ ಚೆಂಡು ಮತ್ತೆ ಮತ್ತೆ ಬರಬೇಕು, ಮತ್ತು ಅದನ್ನು ಯಂತ್ರದಷ್ಟು ನಿಷ್ಠೆಯಿಂದ ಮಾಡುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ನಾನು ಮೆಷಿನ್ ಶಾಪಿನಲ್ಲಿ ಕೆಲಸ ಮಾಡುವವನು. ಇಂಥ ಯಂತ್ರವನ್ನು ಬಿಡುವಿನ ವೇಳೆಯಲ್ಲಿ ಕಟ್ಟಿದ್ದೇನೆ, ಇನ್ನೂ ತಿದ್ದುತ್ತಲೇ ಇದ್ದೇನೆ. ಮೋಟಾರುಗಳು, ವೇಗ ನಿಯಂತ್ರಿಸುವ ಬೋರ್ಡುಗಳು ಪುಣೆಯ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ನಿಮಗೆ ಮುಂಬಯಿಯ ಲ್ಯಾಮಿಂಗ್ಟನ್ ರೋಡ್ ಹತ್ತಿರವಾಗುತ್ತದೆ. 12 ವೋಲ್ಟಿನ ವಿದ್ಯುತ್ತಿಗೆ ಹಳೆಯ ಕಂಪ್ಯೂಟರಿನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಸಾಕು.

ಯಂತ್ರದ ಹೃದಯ ಇರುವುದು ಚಕ್ರದಲ್ಲಿ. 50 ಮಿಲಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 8 ಮೀಟರ್ ಆಗುತ್ತದೆ. ಮೇಲೆ ಒಂದೇ ಚಕ್ರ, ಕೆಳಗೆ ಚಲಿಸದ ರಬ್ಬರ್ ಪಟ್ಟಿ ಇದ್ದಾಗ ಚೆಂಡು ಆ ಪಟ್ಟಿಯ ಮೇಲೆ ಉರುಳಿಕೊಂಡು ಹೋಗುವುದರಿಂದ ಅದಕ್ಕೆ ಸಿಗುವ ವೇಗ ಅರ್ಧ ಮಾತ್ರ, ಅಂದರೆ ಸುಮಾರು 4 ಮೀಟರ್. ಉಳಿದ ಅರ್ಧ ಸ್ಪಿನ್ ಆಗುತ್ತದೆ. 40 ಮಿಲಿಮೀಟರಿನ ಚೆಂಡಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 32 ಸುತ್ತು. ಇದರಲ್ಲಿ ಒಂದು ತೊಡಕಿದೆ: ವೇಗ ಹೆಚ್ಚಿಸಿದರೆ ಸ್ಪಿನ್ ಕೂಡ ತಾನಾಗಿಯೇ ಹೆಚ್ಚುತ್ತದೆ, ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲು ಬರುವುದಿಲ್ಲ. ಸ್ಪಿನ್ ಇಲ್ಲದ ಸಾದಾ ಚೆಂಡು ಬೇಕೆಂದರೆ ಎರಡು ಚಕ್ರ ಅನಿವಾರ್ಯ. ಎರಡು ಚಕ್ರಗಳಿದ್ದಾಗ ಅಂಚಿನ ವೇಗಗಳ ಸರಾಸರಿಯೇ ಚೆಂಡಿನ ವೇಗ, ಅವುಗಳ ವ್ಯತ್ಯಾಸದಿಂದ ಸ್ಪಿನ್. ಮೇಲಿನದು 10, ಕೆಳಗಿನದು 4 ಇಟ್ಟರೆ ಚೆಂಡು 7 ಮೀಟರ್ ವೇಗದಲ್ಲಿ ಸುಮಾರು 24 ಸುತ್ತಿನ ಟಾಪ್‌ಸ್ಪಿನ್ (ಮುಮ್ಮುಖ ತಿರುಗುವಿಕೆ) ಹೊತ್ತು ಹೊರಡುತ್ತದೆ. ಎರಡು ಮೋಟಾರಿಗೂ ಬೇರೆ ಬೇರೆ ನಿಯಂತ್ರಣ ಇರಲಿ. ಚಕ್ರಗಳ ನಡುವಿನ ಸಂದು ಚೆಂಡಿಗಿಂತ ಎರಡು ಮೂರು ಮಿಲಿಮೀಟರ್ ಕಡಿಮೆ ಇದ್ದು, ಚಕ್ರದ ಮೇಲೆ ಮೆದುವಾದ ಫೋಮ್ ರಬ್ಬರ್ ಇರಬೇಕು.

ಇನ್ನು ತಲೆನೋವೆಲ್ಲ ಚೆಂಡು ಉಣಿಸುವ ಭಾಗದಲ್ಲಿ. ಬುಟ್ಟಿಯಲ್ಲಿ ಚೆಂಡುಗಳು ತುಂಬಿದ್ದಾಗ ಎರಡು ಮೂರು ಚೆಂಡುಗಳು ತೂತಿನ ಮೇಲೆ ಒಂದಕ್ಕೊಂದು ಒತ್ತಿಕೊಂಡು ಕಮಾನು ಕಟ್ಟಿ ನಿಂತುಬಿಡುತ್ತವೆ; ಕೆಳಗೆ ಚೆಂಡನ್ನು ಒಂದೊಂದಾಗಿ ಬಿಡುವ ತೂತಿನ ತಟ್ಟೆ ಖಾಲಿ ತಿರುಗುತ್ತಿರುತ್ತದೆ. ತಿರುಗುವ ತಟ್ಟೆಯ ನಡುವೆ ಕೇಬಲ್ ಟೈ ಒಂದನ್ನು ಬಾಲದಂತೆ ನಿಲ್ಲಿಸಿದರೆ ಅದು ಚೆಂಡುಗಳನ್ನು ಕೆದಕುತ್ತಾ ಕಮಾನು ಕಟ್ಟಲು ಬಿಡುವುದಿಲ್ಲ. ಚೆಂಡು ಚಕ್ರದತ್ತ ಸಾಗಲು ಪಿವಿಸಿ ಪೈಪ್ ಕೊಳ್ಳುವಾಗ ಚೆಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಪೈಪಿನಲ್ಲೂ ಬೆಂಡಿನಲ್ಲೂ ಸಲೀಸಾಗಿ ಉರುಳುತ್ತದೆಯೇ ಎಂದು ಅಂಗಡಿಯಲ್ಲೇ ನೋಡಬೇಕು, ಏಕೆಂದರೆ ಪೈಪಿನ ಮೇಲೆ ಬರೆದಿರುವ ಅಳತೆ ಹೊರವ್ಯಾಸದ್ದಾಗಿರಬಹುದು. ನಿಮಿಷಕ್ಕೆ 30 ಸುತ್ತಿನ ಗೇರ್ ಮೋಟಾರಿಗೆ ಒಂದು ತೂತಿನ ತಟ್ಟೆ ಹಾಕಿದರೆ ಎರಡು ಸೆಕೆಂಡಿಗೊಂದು ಚೆಂಡು ಬರುತ್ತದೆ. ಮಗುವಿಗೆ ಅದು ತಕ್ಕ ವೇಗ.

ಕೊಥ್ರೂಡ್ ಕೋಚ್

ನಾನು ಪುಣೆಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಡೊಂಬಿವಲಿಯವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ನೇರವಾದದ್ದು: ಮೊದಲು ಹಲಗೆ ಮಾಡಿಸಿ. ಆದರೆ ಮಾಡಿಸುವ ಮುನ್ನ ಅದರ ಮೈ ಹೇಗಿರಬೇಕು ಎಂಬುದನ್ನು ನಿರ್ಧರಿಸಿಕೊಳ್ಳಿ. ಹಲಗೆಯ ಗಾತ್ರ, ಕಾಲು, ಬಣ್ಣ ಎಲ್ಲವನ್ನೂ ಚರ್ಚಿಸುವ ಜನರು ಮೈಯನ್ನು ಮರೆಯುತ್ತಾರೆ. ಮಗು ಏನು ಕಲಿಯುತ್ತದೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಟಾಪ್‌ಸ್ಪಿನ್ ಹೊಡೆದ ಚೆಂಡು ಮುಂದಕ್ಕೆ ಹೋಗುವಾಗ ಅದರ ಮುಂಭಾಗ ಕೆಳಮುಖವಾಗಿ ತಿರುಗುತ್ತಿರುತ್ತದೆ. ಅದು ನುಣುಪಾದ ಲ್ಯಾಮಿನೇಟ್ ಹಲಗೆಗೆ ತಗುಲಿದರೆ ಹಿಡಿತವಿಲ್ಲದ ಕಾರಣ ತಿರುಗುವಿಕೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಚೆಂಡು ಸಾಗುವ ದಿಕ್ಕು ಮಾತ್ರ ತಿರುಗಿರುತ್ತದೆ. ಹಾಗಾಗಿ ಮಗುವಿನ ಕಡೆಗೆ ಬರುವಾಗ ಅದೇ ತಿರುಗುವಿಕೆ ಬ್ಯಾಕ್‌ಸ್ಪಿನ್ ಆಗಿರುತ್ತದೆ. ಬ್ಯಾಟಿಗೆ ಉದ್ದನೆಯ ಪಿಂಪಲ್ಸ್ (ಮುಳ್ಳುಗಳಂತೆ ಎದ್ದಿರುವ ರಬ್ಬರ್) ಹಾಕಿ ಬ್ಲಾಕ್ ಮಾಡುವವರ ಎದುರು ಆಡಿದವರಿಗೆ ಈ ಅನುಭವ ಇದ್ದೇ ಇರುತ್ತದೆ. ಹಲಗೆಯ ಮೇಲೆ ಹಿಡಿತವುಳ್ಳ ರಬ್ಬರ್ ಇದ್ದರೆ ಅದು ಚೆಂಡನ್ನು ಕಚ್ಚಿ ಹಿಡಿದು, ತಿರುಗುವಿಕೆಯನ್ನು ತಡೆದು ಎದುರು ದಿಕ್ಕಿಗೆ ತಿರುಗಿಸುತ್ತದೆ. ಆಗ ಟಾಪ್‌ಸ್ಪಿನ್‌ಗೆ ಉತ್ತರವಾಗಿ ಟಾಪ್‌ಸ್ಪಿನ್ನೇ ಬರುತ್ತದೆ, ಮತ್ತು ಚೆಂಡು ಮೇಲಕ್ಕೆ ಚಿಮ್ಮುತ್ತದೆ.

ಇವೆರಡೂ ಬೇರೆ ಬೇರೆ ಪಾಠಗಳು. ನುಣುಪು ಮೈಯ ಎದುರು ಮಗು ಪ್ರತಿ ಸಲವೂ ಬ್ಯಾಕ್‌ಸ್ಪಿನ್ ಚೆಂಡನ್ನು ಕೆಳಗಿನಿಂದ ಎತ್ತಿ ಲೂಪ್ ಮಾಡಬೇಕಾಗುತ್ತದೆ. ಅದು ಅಗತ್ಯವಾದ ಹೊಡೆತವೇ ಸರಿ. ಆದರೆ ಇನ್ನೂ ಡ್ರೈವ್ (ಮುಂದಕ್ಕೆ ಬೀಸುವ ಮೂಲ ಹೊಡೆತ) ಕಲಿಯುತ್ತಿರುವ ಮಗು ಅದೊಂದನ್ನೇ ಅಭ್ಯಾಸ ಮಾಡಿದರೆ ಬ್ಯಾಟ್ ತೆರೆದುಕೊಂಡು, ಕೈ ಮೇಲಕ್ಕೆ ಹೋಗುವುದೇ ರೂಢಿಯಾಗಿ, ನಿಜವಾದ ಎದುರಾಳಿಯ ಟಾಪ್‌ಸ್ಪಿನ್ ಬಂದಾಗ ಚೆಂಡು ಟೇಬಲ್ ದಾಟಿ ಹೊರಗೆ ಬೀಳುತ್ತದೆ. ಬಣ್ಣ ಬಳಿದ ಮರದ ಹಲಗೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಮಡಚಿದ ಟೇಬಲ್ಲಿನ ಅರ್ಧಭಾಗಕ್ಕೆ ಹೊಡೆಯುವ ಮಕ್ಕಳಿಗೆ ಸತ್ತಂತಹ ಚೆಂಡು ಬರುವುದು ಇದೇ ಕಾರಣಕ್ಕೆ.

ಮೈ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದಕ್ಕೆ ಮುಂಬಯಿಯೇ ಸಾಕ್ಷಿ. 1952ರಲ್ಲಿ ಏಷ್ಯಾದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅಲ್ಲಿ ನಡೆದಾಗ ಜಪಾನಿನ ಹಿರೋಜಿ ಸಾಟೋ ದಪ್ಪ ಸ್ಪಂಜಿನ ಬ್ಯಾಟ್ ಹಿಡಿದು ಪುರುಷರ ಸಿಂಗಲ್ಸ್ ಗೆದ್ದರು. ಅಲ್ಲಿಯವರೆಗೆ ಪಿಂಪಲ್ಸ್ ರಬ್ಬರಿನ ಟಕಟಕ ಸದ್ದಿಗೆ ಒಗ್ಗಿಕೊಂಡಿದ್ದ ದೊಡ್ಡ ದೊಡ್ಡ ಆಟಗಾರರಿಗೆ ಸದ್ದಿಲ್ಲದೆ ಬರುವ ಆ ಚೆಂಡಿನ ವೇಗವನ್ನೂ ಸ್ಪಿನ್ನನ್ನೂ ಅಂದಾಜು ಮಾಡಲು ಆಗಲಿಲ್ಲ. 1959ರಲ್ಲಿ ಬ್ಯಾಟಿನ ಹೊದಿಕೆಗೆ ದಪ್ಪದ ಮಿತಿಯನ್ನು ನಿಯಮವಾಗಿಯೇ ತರಬೇಕಾಯಿತು. ಮನೆಯ ಹಲಗೆಗೂ ಅದೇ ನ್ಯಾಯ ಅನ್ವಯಿಸುತ್ತದೆ.

ಹಾಗಾಗಿ ನನ್ನ ಸಲಹೆ: ಹಲಗೆಯ ಒಂದು ಮುಖಕ್ಕೆ ಹಿಡಿತವುಳ್ಳ ಹೊದಿಕೆ, ಇನ್ನೊಂದು ಮುಖಕ್ಕೆ ನುಣುಪಾದ ಲ್ಯಾಮಿನೇಟ್. ತಿರುಗಿಸಿ ನಿಲ್ಲಿಸಿದರೆ ಪಾಠ ಬದಲಾಗುತ್ತದೆ.

ಡೊಂಬಿವಲಿ ವಾಸಿ

ಮೇಡಂ, ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ಮೂರು ಸಂದೇಹಗಳಿವೆ. ಹಲಗೆಗೆ ಹೊದಿಸುವಷ್ಟು ರಬ್ಬರ್ ಎಲ್ಲಿಂದ ತರಬೇಕು? ಹಲಗೆಯನ್ನು ಎಷ್ಟು ಬಾಗಿಸಬೇಕು? ಅರ್ಧ ಟೇಬಲ್ ಮತ್ತು ಹಲಗೆ ಎರಡಕ್ಕೂ ಎಷ್ಟು ಪ್ಲೈವುಡ್ ತರಿಸಬೇಕು?

ಮೀರಾ ರೋಡ್ ಫರ್ನಿಚರ್

ಪ್ಲೈವುಡ್ ಲೆಕ್ಕ ನಾನು ಹೇಳುತ್ತೇನೆ, ಅದು ನನ್ನ ದಿನನಿತ್ಯದ ಕೆಲಸ. ಪೂರ್ಣ ಟೇಬಲ್ 2.74 ಮೀಟರ್ ಉದ್ದ, 1.525 ಮೀಟರ್ ಅಗಲ, ಅಂದರೆ ಒಂಬತ್ತು ಅಡಿಗೆ ಐದು ಅಡಿ. ಅರ್ಧವೆಂದರೆ ನಾಲ್ಕೂವರೆಗೆ ಐದು. ಅಂಗಡಿಯಲ್ಲಿ ಸಿಗುವ ಹಾಳೆ ಎಂಟಕ್ಕೆ ನಾಲ್ಕು. ಲೆಕ್ಕಕ್ಕೆ ಸರಿಯಾಗಿ ಮಾಡಬೇಕೆಂದರೆ ಎರಡು ಹಾಳೆ ಬೇಕು ಅಥವಾ ನಡುವೆ ಬೆಸೆಯಬೇಕು, ಬೆಸೆದ ಗೆರೆಯ ಮೇಲೆ ಚೆಂಡು ಬಿದ್ದಾಗ ಅಡ್ಡಾದಿಡ್ಡಿ ಪುಟಿಯುತ್ತದೆ. ಅದರ ಬದಲು ಒಂದೇ ಹಾಳೆಯನ್ನು ಐದು ಅಡಿಗೆ ಕತ್ತರಿಸಿ. ಐದಕ್ಕೆ ನಾಲ್ಕರ ತುಂಡು ಟೇಬಲ್ ಆಗುತ್ತದೆ: ಅಗಲ ಪೂರ್ತಿ ಸಿಗುತ್ತದೆ, ಆಟಗಾರ್ತಿಯ ಕಡೆ ಅರ್ಧ ಅಡಿ ಕಡಿಮೆಯಾಗುತ್ತದೆ, ಅಷ್ಟೇ. ಉಳಿಯುವ ನಾಲ್ಕಕ್ಕೆ ಮೂರರ ತುಂಡು ತಾನಾಗಿಯೇ ನಿಮ್ಮ ಹಲಗೆಯಾಗುತ್ತದೆ, ಒಂದು ಅಂಗುಲವೂ ವ್ಯರ್ಥವಾಗುವುದಿಲ್ಲ.

ದಪ್ಪ 19 ಮಿಲಿಮೀಟರ್ ಇರಲಿ. 12 ಮಿಲಿಮೀಟರಿನದು ಅಗ್ಗವಾದರೂ ಚೆಂಡು ಬಿದ್ದಾಗ ನಡುಗಿ ಪುಟಿತವನ್ನು ನುಂಗಿಹಾಕುತ್ತದೆ. ಕೆಳಗೆ ಮರದ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ, ಎತ್ತರ 76 ಸೆಂಟಿಮೀಟರ್. ಪರೀಕ್ಷೆ ಸುಲಭ: 30 ಸೆಂಟಿಮೀಟರ್ ಎತ್ತರದಿಂದ ಚೆಂಡು ಬಿಟ್ಟರೆ ಸುಮಾರು 23 ಸೆಂಟಿಮೀಟರ್ ಪುಟಿಯಬೇಕು, ಅದೂ ನಡುವೆ, ಮೂಲೆಯಲ್ಲಿ, ಅಂಚಿನಲ್ಲಿ ಎಲ್ಲ ಕಡೆಯೂ ಒಂದೇ ರೀತಿ. ಹೊಳಪಿನ ಎನಾಮಲ್ ಬಳಿಯಬೇಡಿ, ಚೆಂಡು ಜಾರುತ್ತದೆ. ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣವನ್ನು ಎರಡು ಸಲ ಬಳಿದು, ಒಣಗಿದ ಮೇಲೆ ಸಣ್ಣ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿದರೆ ಮಂದವಾದ, ಸಮನಾದ ಮೈ ಬರುತ್ತದೆ. ಕಾಲುಗಳ ಕೆಳಗೆ ರಬ್ಬರ್ ತುಂಡು ಹಾಕಿದರೆ ಕೆಳಮನೆಯವರಿಗೂ ತೊಂದರೆ ಇರುವುದಿಲ್ಲ.

ಹಲಗೆ ಹನ್ನೆರಡು ಕಿಲೋ ಮೀರಬಹುದು. ಅದನ್ನು ಬರಿದೇ ಒರಗಿಸಿ ನಿಲ್ಲಿಸಲೇಬಾರದು. ಸಿ-ಕ್ಲಾಂಪ್ ಹಾಕಿ ಟೇಬಲ್ಲಿಗೆ ಬಿಗಿಯಬೇಕು. ಮನೆಯಲ್ಲಿ ಮಕ್ಕಳಿರುವಾಗ ಈ ವಿಷಯದಲ್ಲಿ ರಾಜಿ ಬೇಡ.

ಕೊಥ್ರೂಡ್ ಕೋಚ್

ಮೀರಾ ರೋಡಿನವರ ಅಳತೆ ಬಹಳ ಅನುಕೂಲವಾಗಿದೆ. ಮೂರು ಅಡಿ ಎತ್ತರದ ಹಲಗೆಯ ಕೆಳಗಿನ ಆರು ಅಂಗುಲವನ್ನು ಖಾಲಿ ಬಿಟ್ಟು ಬಿಳಿ ಗೆರೆ ಎಳೆಯಿರಿ, ಏಕೆಂದರೆ ನೆಟ್ಟಿನ ಎತ್ತರ 15.25 ಸೆಂಟಿಮೀಟರ್, ಅಂದರೆ ಆರೇ ಅಂಗುಲ. ಗೆರೆಯ ಕೆಳಗೆ ಬಡಿದ ಚೆಂಡು ನೆಟ್ಟಿಗೆ ಬಿದ್ದಂತೆ. ಅದರ ಮೇಲೆ ಎರಡು ಅಡಿ ಹೊದಿಕೆ, ಇನ್ನೂ ಮೇಲಿನ ಆರು ಅಂಗುಲ ಖಾಲಿ. ಅಲ್ಲಿಗೆ ಹೋಗುವ ಚೆಂಡು ಹೇಗಿದ್ದರೂ ಎತ್ತರದ್ದೇ.

ಹೊದಿಕೆಗೆ ಕ್ಲಬ್ಬಿನಲ್ಲಿ ಬಿಸಾಡುವ ಹಳೆಯ ರಬ್ಬರುಗಳನ್ನು ಸೇರಿಸಬಹುದು, ಆದರೆ ಈ ಜಾಗ ತುಂಬಲು ಮೂವತ್ತಕ್ಕೂ ಹೆಚ್ಚು ಬೇಕಾಗುತ್ತದೆ. ಒಂದೊಂದರ ಹಿಡಿತ ಒಂದೊಂದು ಬಗೆಯಾಗಿರುವುದರಿಂದ ಚೆಂಡು ಪ್ರತಿ ಸಲವೂ ಬೇರೆಯಾಗಿ ಬರುತ್ತದೆ. ಒಂದೇ ಸಮನಾದ ಹೊದಿಕೆಯೇ ಮೇಲು. ಎರಡು ಅಡಿ ಅಗಲದ ಯೋಗಾಭ್ಯಾಸದ ಚಾಪೆಯಲ್ಲಿ ತೆಳುವಾದದ್ದನ್ನು ಆರಿಸಿ ನಾಲ್ಕು ಅಡಿಗೆ ಕತ್ತರಿಸಿದರೆ ನಿಖರವಾಗಿ ಕೂರುತ್ತದೆ. ದಪ್ಪನೆಯ ಮೆತ್ತನೆಯ ಚಾಪೆ ಚೆಂಡಿನ ವೇಗವನ್ನೆಲ್ಲ ನುಂಗುತ್ತದೆ, ಅದು ಬೇಡ. ಬಡಗಿಗಳ ಬಿಳಿ ಅಂಟು ಇದನ್ನು ಹಿಡಿಯುವುದಿಲ್ಲ; ರಬ್ಬರಿಗೆ ಬಳಸುವ ಅಂಟನ್ನು ಎರಡೂ ಮೈಗೆ ಸವರಿ, ಸ್ವಲ್ಪ ಒಣಗಿದ ಮೇಲೆ ಒತ್ತಬೇಕು. ಎಲ್ಲಿಯೂ ಗಾಳಿಗುಳ್ಳೆ ಉಳಿಯದಂತೆ ಲಟ್ಟಣಿಗೆ ಉರುಳಿಸಿದರೆ ಸಾಕು.

ಬಾಗಿಸುವ ಪ್ರಮಾಣ ಹೊಡೆತದ ಮೇಲೆ ನಿಂತಿದೆ. ಟಾಪ್‌ಸ್ಪಿನ್ ಚೆಂಡು ಹಿಡಿತದ ಮೈಗೆ ತಗುಲಿ ಮೇಲೇರುವುದರಿಂದ ಹಲಗೆಯ ಮೇಲಂಚು ಮಗುವಿನ ಕಡೆಗೆ ವಾಲಿರಬೇಕು. ಪುಶ್ ಮಾಡಿದ, ಅಂದರೆ ಬ್ಯಾಕ್‌ಸ್ಪಿನ್ ಕೊಟ್ಟು ತಳ್ಳಿದ ಚೆಂಡು ಅದೇ ಮೈಗೆ ತಗುಲಿದರೆ ಕೆಳಕ್ಕೆ ಕುಸಿಯುತ್ತದೆ, ಆಗ ಮೇಲಂಚು ಹಿಂದಕ್ಕೆ ವಾಲಬೇಕು. ಬ್ಯಾಟಿನ ಕೋನವನ್ನು ನಾವು ಹೇಗೆ ಬದಲಿಸುತ್ತೇವೆಯೋ ಅದೇ ತತ್ವ ಇದು. ಆದ್ದರಿಂದ ಕೋನ ಬದಲಿಸಲು ಬರುವಂತೆ ಕೆಳಗೆ ಕೀಲು, ಹಿಂದೆ ತೂತುಗಳಿರುವ ಪಟ್ಟಿ ಕೊಡಲು ಬಡಗಿಗೆ ಹೇಳಿ. ಹಲಗೆ 5 ಡಿಗ್ರಿ ವಾಲಿದರೆ ಮರಳುವ ಚೆಂಡಿನ ದಾರಿ ಸುಮಾರು 10 ಡಿಗ್ರಿ ಬದಲಾಗುತ್ತದೆ. ಮೂರು ಅಡಿಯ ಹಲಗೆಗೆ 5 ಡಿಗ್ರಿ ಎಂದರೆ ಮೇಲಂಚಿನಲ್ಲಿ ಸುಮಾರು 8 ಸೆಂಟಿಮೀಟರ್. ತೂತುಗಳ ನಡುವೆ ಅಂತರ ಚಿಕ್ಕದಾಗಿರಬೇಕಾದ ಕಾರಣ ಇದು.

ವಾಸ್ಕೊ ಕನ್ನಡಿಗ

ನಾನು ಗೋವಾದವನು, ಆದ್ದರಿಂದ ತೇವದ ಬಗ್ಗೆ ಎರಡು ಮಾತು ಹೇಳುವುದು ನನ್ನ ಹಕ್ಕು ಎಂದು ಭಾವಿಸಿದ್ದೇನೆ. ಡೊಂಬಿವಲಿಯ ಮಳೆಗಾಲವೂ ನಮ್ಮದಕ್ಕಿಂತ ಕಡಿಮೆಯೇನಲ್ಲ. ಸಾಮಾನ್ಯ ದರ್ಜೆಯ ಪ್ಲೈವುಡ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಉಬ್ಬಲು ಆರಂಭಿಸುತ್ತದೆ. ಸ್ವಲ್ಪ ಹೆಚ್ಚು ಕೊಟ್ಟು ಐಎಸ್ 710 ಮುದ್ರೆಯ, ನೀರು ತಡೆಯುವ ಮರೈನ್ ಪ್ಲೈ ತರಿಸಿ. ಬಾಲ್ಕನಿಯಲ್ಲಿ ಇಡುವ ಆಲೋಚನೆ ಇದ್ದರಂತೂ ಅದು ಕಡ್ಡಾಯ. ಕತ್ತರಿಸಿದ ಅಂಚುಗಳಿಗೆಲ್ಲ ಬಣ್ಣ ಕುಡಿಸಬೇಕು. ನೀರು ಒಳಗೆ ಹೋಗುವುದೇ ಅಲ್ಲಿಂದ.

ಮೇಡಂ ಹೇಳಿದ ಹಿಡಿತದ ಮೈಗೂ ತೇವವೇ ಶತ್ರು. ಗಾಳಿಯಲ್ಲಿ ಆರ್ದ್ರತೆ ಹೆಚ್ಚಿದ್ದಾಗ ರಬ್ಬರಿನ ಮೇಲೆ ಕಣ್ಣಿಗೆ ಕಾಣದ ತೇವದ ಪದರ ಕಟ್ಟಿ ಚೆಂಡು ಜಾರುತ್ತದೆ, ನಿನ್ನೆ ಟಾಪ್‌ಸ್ಪಿನ್ ಕೊಡುತ್ತಿದ್ದ ಹಲಗೆ ಇಂದು ಸತ್ತ ಚೆಂಡು ಕೊಡುತ್ತದೆ. 2023ರಲ್ಲಿ ಡಬ್ಲ್ಯೂಟಿಟಿ (ವರ್ಲ್ಡ್ ಟೇಬಲ್ ಟೆನಿಸ್) ಸ್ಟಾರ್ ಕಂಟೆಂಡರ್ ಟೂರ್ನಿ ಗೋವಾದಲ್ಲಿ ನಡೆದಾಗ ನಾನು ಗ್ಯಾಲರಿಯಿಂದ ಗಮನಿಸುತ್ತಿದ್ದುದು ಇದನ್ನೇ: ಆರು ಅಂಕಗಳಿಗೊಮ್ಮೆ ಟವೆಲ್ ಬಳಸಲು ಸಿಗುವ ಅವಕಾಶವನ್ನು ಆಟಗಾರರು ಸುಮ್ಮನೆ ಬಿಡುತ್ತಿರಲಿಲ್ಲ. ಮನೆಯಲ್ಲಿಯೂ ಅಭ್ಯಾಸಕ್ಕೆ ಮೊದಲು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಪೂರ್ತಿ ಒಣಗಿಸಬೇಕು.

ಚೆಂಡು ಹಿಡಿಯಲು ಹಲಗೆಯ ಎರಡೂ ಪಕ್ಕ ಬಲೆ ಇಳಿಬಿಡಿ. ಇಲ್ಲಿ ನಾವು ಹರಿದ ಮೀನಿನ ಬಲೆ ಬಳಸುತ್ತೇವೆ. ಕಣ್ಣುಗಳು 40 ಮಿಲಿಮೀಟರಿಗಿಂತ ಚಿಕ್ಕದಾಗಿರಬೇಕು. ನಿಮಗೆ ಹಳೆಯ ಸೊಳ್ಳೆ ಪರದೆಯೇ ಸಾಕು. ಬಲೆಯನ್ನು ಬಿಗಿಯಾಗಿ ಕಟ್ಟದೆ ಸಡಿಲವಾಗಿ ಬಿಟ್ಟರೆ ಚೆಂಡು ಪುಟಿಯದೆ ಕೆಳಗಿನ ಮಡಿಕೆಗೆ ಇಳಿಯುತ್ತದೆ. ಇನ್ನೊಂದು ಮಾತು: ಸೆಖೆ ಎಷ್ಟೇ ಇದ್ದರೂ ಅಭ್ಯಾಸದ ವೇಳೆ ಮೇಲಿನ ಫ್ಯಾನ್ ನಿಲ್ಲಿಸಬೇಕಾಗುತ್ತದೆ, 2.7 ಗ್ರಾಂ ತೂಕದ ಚೆಂಡು ಆ ಗಾಳಿಗೆ ದಾರಿ ತಪ್ಪುತ್ತದೆ.

ಪಿಂಪ್ರಿ ಫಿಟ್ಟರ್

ಮೇಡಂ, ಹಲಗೆಯ ವಿಷಯದಲ್ಲಿ ನೀವು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೂ ಒಂದು ಆಕ್ಷೇಪಣೆ ಇದೆ. ನೆಟ್ಟಿನ ಜಾಗದಲ್ಲೇ ಹಲಗೆ ನಿಂತಿದ್ದರೆ ಚೆಂಡು ಹೋಗಿ ಬರುವ ದೂರ ನಿಜವಾದ ರ‍್ಯಾಲಿಯ ಅರ್ಧದಷ್ಟೇ ಆಗುತ್ತದೆ. ಸಮಯವೂ ಅರ್ಧ. ಹುಡುಗಿ ಪೂರ್ತಿ ಕೈ ಬೀಸಿ ಮೊದಲ ಸ್ಥಿತಿಗೆ ಮರಳುವಷ್ಟರಲ್ಲಿ ಮುಂದಿನ ಚೆಂಡು ಬಂದಿರುತ್ತದೆ. ಕ್ರಮೇಣ ಅವಳು ಬೀಸುವುದನ್ನೇ ಮೊಟಕುಗೊಳಿಸುತ್ತಾಳೆ. ಯಂತ್ರವಾದರೆ ಪೂರ್ಣ ದೂರದಿಂದ, ಎರಡು ಸೆಕೆಂಡಿನ ಬಿಡುವು ಕೊಟ್ಟು ಎಸೆಯುತ್ತದೆ.

ಮುಲುಂಡ್ ಚಾಪರ್

ಯಂತ್ರಕ್ಕೂ ಒಂದು ಕೊರತೆಯಿದೆ ಎಂಬುದನ್ನು ಹೇಳಲೇಬೇಕು. ಎದುರಾಳಿಯ ಭುಜ, ಮಣಿಕಟ್ಟು, ಬ್ಯಾಟ್ ಚೆಂಡಿಗೆ ತಗುಲುವ ಕ್ಷಣ, ಇವುಗಳನ್ನು ನೋಡಿಯೇ ನಾವು ಯಾವ ಸ್ಪಿನ್ ಬರುತ್ತಿದೆ ಎಂದು ಓದುತ್ತೇವೆ. ಯಂತ್ರದ ಬಾಯಿಗೆ ಭುಜವೂ ಇಲ್ಲ, ಮಣಿಕಟ್ಟೂ ಇಲ್ಲ. ಅದರ ಎದುರು ಬಹಳ ಕಾಲ ಆಡಿದ ಮಕ್ಕಳು ಚೆಂಡು ತಮ್ಮ ಅರ್ಧಕ್ಕೆ ಬಂದ ಮೇಲೆಯೇ ಕಣ್ಣು ತೆರೆಯುತ್ತಾರೆ; ಬ್ಯಾಕ್‌ಸ್ಪಿನ್ ಕೊಟ್ಟು ರಕ್ಷಣೆಯ ಆಟ ಆಡುವ ನಮ್ಮಂಥ ಚಾಪರುಗಳ ಎದುರು ನಿಂತಾಗ ಆ ಕೊರತೆ ಎದ್ದು ಕಾಣುತ್ತದೆ. ಹಲಗೆಯಲ್ಲಿ ಕೊನೆಯ ಪಕ್ಷ ತಾನು ಕೊಟ್ಟ ಸ್ಪಿನ್ನಿಗೆ ಏನು ಉತ್ತರ ಬಂತು ಎಂಬ ಸಂಬಂಧವಾದರೂ ಉಳಿದಿರುತ್ತದೆ.

ಕೊಥ್ರೂಡ್ ಕೋಚ್

ಇಬ್ಬರ ಮಾತಿನಲ್ಲೂ ಸತ್ಯವಿದೆ. ನಾನು ಹಲಗೆಯನ್ನು ಮೊದಲು ಹೇಳಿದ್ದಕ್ಕೆ ಕಾರಣ ಮುಲುಂಡಿನ ಸರ್ ಈಗ ಹೇಳಿದ್ದೇ: ಮಗು ತಪ್ಪಾಗಿ ಹೊಡೆದರೆ ಹಲಗೆ ತಪ್ಪು ಚೆಂಡನ್ನೇ ಹಿಂದಿರುಗಿಸುತ್ತದೆ. ಯಂತ್ರ ಮಾತ್ರ ಹೊಡೆತ ಹೇಗಿದ್ದರೂ ಮುಂದಿನ ಚೆಂಡನ್ನು ಅಷ್ಟೇ ಸೊಗಸಾಗಿ ಎಸೆಯುತ್ತದೆ. ಕೋಚ್ ಪಕ್ಕದಲ್ಲಿಲ್ಲದ ಮನೆಯಲ್ಲಿ ತಿದ್ದುವ ಗುಣವುಳ್ಳ ಸಾಧನವೇ ಮೊದಲು ಇರಬೇಕು.

ಪಿಂಪ್ರಿಯವರು ಎತ್ತಿದ ಸಮಯದ ಪ್ರಶ್ನೆಗೆ ಪರಿಹಾರವಿದೆ. ಹಲಗೆಯನ್ನು ನೆಟ್ಟಿನ ಗೆರೆಯಿಂದ ಎರಡು ಅಡಿ ಹಿಂದಕ್ಕೆ, ಗಟ್ಟಿಯಾದ ಬೇರೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನೆಟ್ಟಿನ ಗೆರೆಯಲ್ಲಿ ನಿಜವಾದ ನೆಟ್ ಕಟ್ಟಬಹುದು. ಹಾಲ್ ಹದಿನೈದು ಅಡಿ ಇರುವುದರಿಂದ ಟೇಬಲ್ಲಿನ ನಾಲ್ಕು, ಹಿಂದಿನ ಎರಡು ಅಡಿ ಕಳೆದರೂ ಮಗುವಿಗೆ ನಿಲ್ಲಲು ಸಾಕಷ್ಟು ಜಾಗ ಉಳಿಯುತ್ತದೆ. ಬ್ಯಾಕ್‌ಹ್ಯಾಂಡ್, ಬ್ಲಾಕ್, ಪುಶ್ ಹತ್ತಿರದಲ್ಲಿ; ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ ದೂರದಲ್ಲಿ.

ಡೊಂಬಿವಲಿ ವಾಸಿ

ಎಲ್ಲರಿಗೂ ಋಣಿಯಾಗಿದ್ದೇನೆ. ಟೇಬಲ್ ಮತ್ತು ಹಲಗೆ ಸಿದ್ಧವಾಗಿವೆ. ಮರೈನ್ ಪ್ಲೈ ತರಿಸಿದೆ, ಪುಟಿತದ ಪರೀಕ್ಷೆಯಲ್ಲಿ ಟೇಬಲ್ ಎಲ್ಲ ಕಡೆಯೂ 22ರಿಂದ 23 ಸೆಂಟಿಮೀಟರ್ ಕೊಡುತ್ತಿದೆ. ಮಗಳು ಸರ್ವಿಸಿನ ಪಟ್ಟಿಯ ಚೆಂಡನ್ನು ಬಿಟ್ಟು ಏಳುವುದಿಲ್ಲ. ಪಟ್ಟಿ ನೇರವಾಗಿ ನಿಂತಾಗಲೆಲ್ಲ ಅಡುಗೆಮನೆಯಿಂದ ತಾಯಿಯನ್ನು ಕರೆದು ತೋರಿಸುತ್ತಾಳೆ. ಬ್ಯಾಕ್‌ಹ್ಯಾಂಡ್ ರ‍್ಯಾಲಿ ಚೆನ್ನಾಗಿ ನಡೆಯುತ್ತಿದೆ.

ಒಂದು ಸಮಸ್ಯೆ ಉಳಿದಿದೆ. ಹಿಡಿತದ ಮೈಗೆ ಅವಳು ಮೆಲ್ಲಗೆ ಹೊಡೆದರೆ ಚೆಂಡು ಟೇಬಲ್ ಮೇಲೆ ಬೀಳುತ್ತದೆ, ಜೋರಾಗಿ ಟಾಪ್‌ಸ್ಪಿನ್ ಮಾಡಿದರೆ ಅವಳ ತಲೆಯ ಎತ್ತರಕ್ಕೆ ಹಾರುತ್ತದೆ. ಹಲಗೆಯನ್ನು ಇನ್ನೂ ವಾಲಿಸಿದರೆ ಮೆಲ್ಲಗೆ ಹೊಡೆದ ಚೆಂಡು ನೆಟ್ಟಿಗೆ ಬೀಳುತ್ತದೆ. ಏನು ಮಾಡಬೇಕು?

ಕೊಥ್ರೂಡ್ ಕೋಚ್

ಹಲಗೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಸ್ಪಿನ್ ಹೆಚ್ಚಿದಷ್ಟೂ ಚೆಂಡು ಮೇಲೇರುತ್ತದೆ. ಒಂದು ಕೋನ ಒಂದು ಪ್ರಮಾಣದ ಸ್ಪಿನ್ನಿಗೆ ಮಾತ್ರ ಹೊಂದುತ್ತದೆ, ಎಲ್ಲ ಹೊಡೆತಕ್ಕೂ ಒಗ್ಗುವ ಕೋನವನ್ನು ಹುಡುಕಬೇಡಿ. ಅಭ್ಯಾಸವನ್ನು ಎರಡು ಭಾಗ ಮಾಡಿ. ಮೊದಲ ಭಾಗದಲ್ಲಿ ಈಗಿರುವ ಕೋನದಲ್ಲೇ, ಹತ್ತಿರದಿಂದ, ಸುಮಾರು ಅರ್ಧ ಬಲದಲ್ಲಿ ರ‍್ಯಾಲಿ ನಡೆಯಲಿ. ಒಂದೇ ಬಲದಲ್ಲಿ ಸತತವಾಗಿ ಹೊಡೆಯುವುದೇ ಆ ಭಾಗದ ಪಾಠ, ಚೆಂಡು ತಲೆಯ ಮೇಲೆ ಹಾರಿದರೆ ಬಲ ಹೆಚ್ಚಾಯಿತು ಎಂದು ಅವಳಿಗೇ ತಿಳಿಯುತ್ತದೆ. ಎರಡನೆಯ ಭಾಗಕ್ಕೆ ಹಲಗೆಯನ್ನು ಎರಡು ಅಡಿ ಹಿಂದಕ್ಕೆ ಸರಿಸಿ, ಪಟ್ಟಿಯಲ್ಲಿ ಎರಡು ತೂತು ಮುಂದಕ್ಕೆ ವಾಲಿಸಿ, ರ‍್ಯಾಲಿಯ ಆಸೆ ಬಿಟ್ಟು ಒಂದೊಂದೇ ಚೆಂಡನ್ನು ತಾನೇ ಪುಟಿಸಿಕೊಂಡು ಪೂರ್ತಿ ಬೀಸಿ ಹೊಡೆಯಲಿ. ಮರಳಿ ಬಂದದ್ದನ್ನು ಬ್ಲಾಕ್ ಮಾಡಿ ಬಲೆಗೆ ಬಿಡಲಿ. ನುಣುಪು ಮೈಯನ್ನು ಈಗಲೇ ತಿರುಗಿಸಬೇಡಿ, ಅವಳ ಕೋಚ್ ಲೂಪ್ ಕಲಿಸಲು ಆರಂಭಿಸಿದ ವಾರದಿಂದ ಅದನ್ನು ಬಳಸಿದರೆ ಸಾಕು.

ಪಿಂಪ್ರಿ ಫಿಟ್ಟರ್

ಅವಳಿಗೆ ಪೂರ್ಣ ಬೀಸಿನ ಅಭ್ಯಾಸ ಬೇಕಾದಾಗ ಹೇಳಿ. ಎರಡು ಚಕ್ರದ ಯಂತ್ರದ ಅಳತೆಗಳನ್ನು, ತಟ್ಟೆಯ ತೂತಿನ ವ್ಯಾಸ ಸಹಿತ, ಬರೆದು ಕೊಡುತ್ತೇನೆ. ಅಷ್ಟರೊಳಗೆ ಹೊಸ ಚೆಂಡುಗಳನ್ನು ತಂದರೆ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ ಇಡಿ. ಅವುಗಳ ಮೇಲಿನ ಸಣ್ಣ ಪುಡಿ ನಿಮ್ಮ ಹಲಗೆಯ ಹೊದಿಕೆಯನ್ನೂ ನನ್ನ ಚಕ್ರವನ್ನೂ ಒಂದೇ ರೀತಿ ಜಾರುವಂತೆ ಮಾಡುತ್ತದೆ.